ಎಡಗೈಯ ಮಟ್ಟುಗಳು

ದೊಡ್ಡಬಳ್ಳಾಪುರದಲ್ಲಿ ಮೈಕ್ ಇಟ್ಟು ಸಂಗೀತ ರೆಕಾರ್ಡ್ ಮಾಡಲು ಹೊರಟವನು ನಾನೊಬ್ಬನೇ ಇರಬೇಕು. ನಮ್ಮದು ನೇಯ್ಗೆಯ ಮನೆ. ಮುಂದಿನ ಹಜಾರದಲ್ಲಿ ಅಣ್ಣನ ಆರು ಪವರ್‌ಲೂಮ್‌ಗಳು, ಎಡಕ್ಕೆ ದೊಡ್ಡಪ್ಪನ ಮಗನವು, ಎದುರು ಸಾಲಿನಲ್ಲಿ ಇನ್ಯಾರದೋ. ಬೆಳಿಗ್ಗೆ ಆರಕ್ಕೆ ಶುರುವಾದ ಸದ್ದು ಕರೆಂಟು ಹೋದಾಗ ಮಾತ್ರ ನಿಲ್ಲುತ್ತಿತ್ತು. ಆಗ ಬೀದಿ ಎಷ್ಟು ತಣ್ಣಗಾಗುತ್ತಿತ್ತೆಂದರೆ ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದ್ದೂ ಕೇಳಿಸುತ್ತಿತ್ತು. ಆದರೆ ಕರೆಂಟು ಹೋದಮೇಲೆ ನನ್ನ ಯಂತ್ರಗಳೂ ನಿಂತಿರುತ್ತಿದ್ದವಲ್ಲ.

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವುದನ್ನು ಬಿಟ್ಟು, ೧೯೯೬ರಲ್ಲಿ ಮನೆಯ ಹಿಂದಿನ ನೂಲಿನ ಕೋಣೆಯಲ್ಲಿ ನಾನು ಕಂಪ್ಯೂಟರ್ ತಂದಿಟ್ಟದ್ದು ಈ ಕಾರಣಕ್ಕೇ. ಮಿಡಿ ಎನ್ನುವ ವ್ಯವಸ್ಥೆ ಸದ್ದನ್ನು ಹಿಡಿಯುವುದಿಲ್ಲ. ಕಂಪ್ಯೂಟರಿಗೆ ಜೋಡಿಸಿದ ಕೀಬೋರ್ಡಿನಲ್ಲಿ ಯಾವ ಸ್ವರ ಒತ್ತಿದಿರಿ, ಯಾವಾಗ ಒತ್ತಿದಿರಿ, ಎಷ್ಟು ಜೋರಾಗಿ, ಎಷ್ಟು ಹೊತ್ತು ಹಿಡಿದಿರಿ ಎನ್ನುವುದನ್ನಷ್ಟೇ ಅದು ಬರೆದಿಟ್ಟುಕೊಳ್ಳುತ್ತದೆ. ಪರದೆಯ ಮೇಲೆ ಒಂದೊಂದು ಸ್ವರವೂ ಒಂದೊಂದು ಸಣ್ಣ ಗೆರೆ. ಗೆರೆಯನ್ನು ಎಳೆದು ಉದ್ದ ಮಾಡಬಹುದು, ಮೇಲೆ ಕೆಳಗೆ ಸರಿಸಬಹುದು. ಮಗ್ಗಗಳು ಎಷ್ಟು ಬೇಕಾದರೂ ಬಡಿದುಕೊಳ್ಳಲಿ, ಆ ಗೆರೆಗಳಿಗೆ ತಾಗುವುದಿಲ್ಲ. ಭಕ್ತಿಗೀತೆಯ ಕ್ಯಾಸೆಟ್ಟಿನವರಿಗೂ ಆರ್ಕೆಸ್ಟ್ರಾಗಳಿಗೂ ವಾದ್ಯದ ಟ್ರ್ಯಾಕ್ ಮಾಡಿಕೊಟ್ಟು ನನ್ನ ಜೀವನ ಹೇಗೋ ನಡೆಯುತ್ತಿತ್ತು.

ಅನಿತ ತನ್ನ ತಂದೆಯನ್ನು ಕರೆದುಕೊಂಡು ನನ್ನಲ್ಲಿಗೆ ಬಂದದ್ದು ಮರುವರ್ಷದ ಆಗಸ್ಟ್ ತಿಂಗಳಲ್ಲಿ. ಅವಳ ಮುಖಪರಿಚಯ ಇತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದಳು. ಮದುವೆ ಕಾರ್ಡು, ಕರಪತ್ರ, ತಿಥಿಯ ಕಾರ್ಡು. ಇಪ್ಪತ್ತೆಂಟರ ಆಸುಪಾಸು. ಅವಳ ಹಿಂದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದವರನ್ನು ಗುರುತಿಸಲು ಮಾತ್ರ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ರಾಜಘಟ್ಟದ ಹನುಮಂತರಾಯಪ್ಪ ಮೇಷ್ಟ್ರು. ನಲವತ್ತು ವರ್ಷ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಿದವರು. ಹೊಲದ ಕೆಲಸ ಮುಗಿಸಿ ಬಂದ ಗಂಡಸರನ್ನು ಕೂರಿಸಿಕೊಂಡು, ಪದ್ಯ ಬಾಯಿಗೆ ಬರಿಸಿ, ಹಾರ್ಮೋನಿಯಂ ಹಿಡಿದು ಹಾಡಿಸಿ, ಮೂರು ತಿಂಗಳಲ್ಲಿ ಅವರನ್ನು ರಾಜರನ್ನಾಗಿ ಮಾಡುತ್ತಿದ್ದರು. ಬೂದಿಗೆರೆಯಿಂದ ಸೋಂಪುರದವರೆಗೆ ಅವರ ಕೈಯಲ್ಲಿ ಪಾಠವಾಗದ ಊರು ಕಡಿಮೆ. ಎತ್ತರದ ಆಳು, ದನಿ ಎತ್ತಿದರೆ ಹಿಂದಿನ ಸಾಲಿನವರು ನೆಟ್ಟಗೆ ಕೂರುತ್ತಿದ್ದರು. ಈಗ ಅವರ ಬಾಯಿ ಒಂದು ಕಡೆಗೆ ವಾಲಿತ್ತು. ಬಲಗಾಲನ್ನು ಎಳೆದು ಹಾಕುತ್ತಿದ್ದರು. ಬಲಗೈ ಪಂಚೆಯ ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿತ್ತು.

"ಡಿಸೆಂಬರ್‌ನಲ್ಲಿ ಸ್ಟ್ರೋಕ್ ಆಯ್ತು ಕೆಂಪರಾಜಣ್ಣ," ಎಂದಳು ಅನಿತ. "ಇನ್ನೊಂದು ಸಲ ಆದ್ರೂ ಆಗಬೌದು ಅಂತ ಡಾಕ್ಟ್ರು ಹೇಳಿದಾರೆ. ಅಪ್ಪನ ಮಟ್ಟುಗಳೆಲ್ಲಾ ಅವರ ತಲೇಲೇ ಇವೆ. ಎಲ್ಲೂ ಬರ್ದಿಲ್ಲ."

ಮಟ್ಟು ಅಂದರೆ ಪದ್ಯವನ್ನು ಹಾಡುವ ಧಾಟಿ. ಪದ್ಯ ಪುಸ್ತಕದಲ್ಲಿರುತ್ತದೆ, ಎಲ್ಲ ಮೇಷ್ಟರಿಗೂ ಅದೇ ಪದ್ಯ. ಆದರೆ ಯಾವ ರಾಗದಲ್ಲಿ ಎತ್ತಬೇಕು, ಎಲ್ಲಿ ಏರಿಸಬೇಕು, ಎಲ್ಲಿ ತಡೆಯಬೇಕು ಎನ್ನುವುದು ಒಬ್ಬೊಬ್ಬ ಮೇಷ್ಟರದು ಒಂದೊಂದು. ಅನಿತ ಚೀಲದಿಂದ ಒಂದು ಹಾಳೆ ತೆಗೆದಳು. ತಂದೆ ಸನ್ನೆಯಲ್ಲೂ ಅರೆಮಾತಿನಲ್ಲೂ ಹೇಳಿದ್ದನ್ನು ಪಟ್ಟಿ ಮಾಡಿದ್ದಳು. ಐವತ್ತಮೂರು ಮಟ್ಟುಗಳು.

ಮೇಷ್ಟ್ರಿಗೆ ಇದರಲ್ಲಿ ಮನಸ್ಸಿರಲಿಲ್ಲ. ಮಗಳ ಬಲವಂತಕ್ಕೆ ಬಂದಿದ್ದರು. ಕೀಬೋರ್ಡಿನ ಮುಂದೆ ಕೂರಿಸಿದಾಗ ಎಡಗೈಯನ್ನು ಅದರ ಹಿಂಬದಿಗೆ ಚಾಚಿ ತಡಕಾಡಿದರು. ಏನು ಹುಡುಕುತ್ತಿದ್ದಾರೆಂದು ನನಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ತಿದಿ. ಹಾರ್ಮೋನಿಯಂನಲ್ಲಿ ಅವರ ಎಡಗೈ ನಲವತ್ತು ವರ್ಷ ಗಾಳಿ ಒತ್ತಿತ್ತೇ ಹೊರತು ಒಂದು ಸ್ವರ ನುಡಿಸಿರಲಿಲ್ಲ. ಕಾಲಿನಿಂದ ತಿದಿ ತುಳಿಯುವ ಹಾರ್ಮೋನಿಯಂ ಪೆಟ್ಟಿಗೆ ಅವರಿಗೆ ಎಂದೂ ಸೇರಿರಲಿಲ್ಲವಂತೆ. ನುಡಿಸುತ್ತಿದ್ದ ಕೈ ಹೋಗಿತ್ತು, ಗಾಳಿ ಒತ್ತುತ್ತಿದ್ದ ಕೈ ಉಳಿದಿತ್ತು.

"ಇದಕ್ಕೆ ಗಾಳಿ ಬೇಡ ಮೇಷ್ಟ್ರೇ," ಎಂದೆ. "ಎಷ್ಟು ನಿಧಾನ ಆದ್ರೂ ಪರವಾಗಿಲ್ಲ, ಎಡಗೈಲೇ ನುಡಿಸಿ. ಆಮೇಲೆ ವೇಗ ನಾನು ಕೊಡ್ತೀನಿ."

ಮೋಹನ ರಾಗದ ಒಂದು ಮಟ್ಟು ನುಡಿಸಿದರು. ನುಡಿಸಿದರು ಅನ್ನುವುದಕ್ಕಿಂತ ಹುಡುಕಿದರು ಅನ್ನಬೇಕು. ಹೆಬ್ಬೆರಳಿಗೂ ಕಿರುಬೆರಳಿಗೂ ಜಗಳ. ಒಂದು ಸಾಲಿಗೆ ಎರಡು ನಿಮಿಷ. ಹಣೆಯಲ್ಲಿ ಬೆವರು ಕಟ್ಟಿತ್ತು. ಮುಗಿದಮೇಲೆ ನಾನು ವೇಗವನ್ನು ಆರರಷ್ಟು ಮಾಡಿ ಕೇಳಿಸಿದೆ. ಮಿಡಿಯಲ್ಲಿ ವೇಗ ಹೆಚ್ಚಿಸಿದರೆ ಟೇಪಿನ ಹಾಗೆ ದನಿ ಕೀರಲಾಗುವುದಿಲ್ಲ. ಸ್ವರ ಇದ್ದ ಜಾಗದಲ್ಲೇ ಇರುತ್ತದೆ. ಹೊರಗೆ ಅಣ್ಣನ ಮಗ್ಗಗಳು ಬಡಿಯುತ್ತಿದ್ದವು, ಸ್ಪೀಕರಿನಲ್ಲಿ ಹನುಮಂತರಾಯಪ್ಪ ಮೇಷ್ಟ್ರ ಮೋಹನ ಓಡುತ್ತಿತ್ತು. ಅಲ್ಲಲ್ಲಿ ಕುಂಟುತ್ತಿತ್ತು ನಿಜ, ಆದರೆ ಅದು ಅವರದೇ.

ಅವರು ನನ್ನ ಕಡೆ ತಿರುಗಿ, ತುಂಬ ಕಷ್ಟಪಟ್ಟು ಒಂದು ಮಾತು ಹೇಳಿದರು. "ಇ... ನ್ನೊಂದು."

ಆ ವಾರ ಐದು ಮಟ್ಟು ಮಾಡಿದೆವು. ಆಮೇಲೆ ನಾನೊಂದು ತಪ್ಪು ಮಾಡಿದೆ. ಒಳ್ಳೆಯದಾಗಲಿ ಅಂತಲೇ ಮಾಡಿದೆ.

ನಾನು ಬಳಸುತ್ತಿದ್ದ ಸಾಫ್ಟ್‌ವೇರ್‌ನಲ್ಲಿ ಕ್ವಾಂಟೈಜ್ ಅಂತ ಒಂದು ಆಜ್ಞೆ ಇತ್ತು. ಅದನ್ನು ಒತ್ತಿದರೆ ಆಚೀಚೆ ಆದ ಸ್ವರಗಳೆಲ್ಲ ಸರಿದು ತಾಳದ ಗೆರೆಗೆ ಸರಿಯಾಗಿ ನಿಲ್ಲುತ್ತವೆ. ಆರ್ಕೆಸ್ಟ್ರಾದವರ ಟ್ರ್ಯಾಕುಗಳಿಗೆ ದಿನಕ್ಕೆ ಹತ್ತು ಸಲ ಒತ್ತುತ್ತಿದ್ದೆ. ಮೇಷ್ಟ್ರ ಕುಂಟುವ ಸ್ವರಗಳನ್ನು ನೋಡಿ ಮರುಕ ಬಂತು. ಐದೂ ಮಟ್ಟುಗಳನ್ನು ಸಾಲಾಗಿ ನಿಲ್ಲಿಸಿದೆ. ಅದೇ ಹೆಸರಿನಲ್ಲಿ, ಹಳೆಯದರ ಮೇಲೆಯೇ ಸೇವ್ ಮಾಡಿದೆ.

ಸೋಮವಾರ ಅವರು ಬಂದಾಗ ಹೆಮ್ಮೆಯಿಂದಲೇ ಕೇಳಿಸಿದೆ. ಮೊದಲನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಮೇಷ್ಟ್ರು ಎಡಗೈ ಎತ್ತಿ ಸ್ಪೀಕರಿನ ಕಡೆ ಬೀಸಿದರು. ನಿಲ್ಲಿಸಿದೆ. ಅವರ ಮುಖ ಕೆಂಪಾಗಿತ್ತು. ಕುರ್ಚಿಯ ಬೆನ್ನು ಹಿಡಿದು ಎದ್ದರು. ಅನಿತ ತೋಳು ಹಿಡಿಯಲು ಹೋದರೆ ಕೊಡವಿದರು. ಬಾಗಿಲ ಹತ್ತಿರ ನಿಂತು ಹೇಳಿದ ಮಾತು ನನಗೆ ಎರಡನೆಯ ಸಲಕ್ಕೆ ಅರ್ಥವಾಯಿತು.

"ಇನ್ನೂ... ಸತ್ತಿಲ್ಲ... ನಾನು."

ಮಾರನೆಯ ದಿನ ಊಟದ ಬಿಡುವಿನಲ್ಲಿ ಅನಿತ ಒಬ್ಬಳೇ ಬಂದಳು. ಕೂರಲಿಲ್ಲ.

"ಏನ್ ಮಾಡಿದ್ರಿ ಅದನ್ನ?"

ಹೇಳಿದೆ. ಮುಂಚಿನದು ಎಲ್ಲಿ ಅಂದಳು. ಇಲ್ಲ ಅಂದೆ.

"ಅಪ್ಪ ತಾಳ ತಪ್ಪಿದ್ದಲ್ಲ ಕೆಂಪರಾಜಣ್ಣ," ಎಂದಳು. ದನಿ ಏರಿರಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. "ಕೆಲವು ಕಡೆ ಬೆರಳು ತಪ್ಪಿರಬೌದು. ಆದ್ರೆ ಎರಡನೇ ಸಾಲು ಕೊನೇಲಿ ತಡೀತಾರಲ್ಲ, ಅದು ಬೇಕು ಅಂತಲೇ. ಅಲ್ಲಿ ಪಾತ್ರಧಾರಿ ಉಸಿರು ತಗೋಬೇಕು. ಹೊಲದಲ್ಲಿ ಗೇಯ್ದು ಬಂದವರು ಅವರು, ಸಂಗೀತದವರಲ್ಲ. ಉಸಿರಿಗೆ ಜಾಗ ಬಿಡದೆ ಇದ್ರೆ ಪದ್ಯ ನಿಲ್ಲೋದಿಲ್ಲ. ನೀವು ಅದನ್ನೆಲ್ಲಾ ಮುಚ್ಚಿಬಿಟ್ರಿ."

"ನಿನಗೆ ಹೆಂಗ್ ಗೊತ್ತು ಇದೆಲ್ಲಾ? ಮೇಷ್ಟ್ರು ಕಲಿಸಿದ್ರಾ?"

"ನನಗಾ?" ಎಂದಳು. "ಹೆಣ್ಣುಮಕ್ಕಳಿಗೆ ಯಾಕೆ ಅಂತ ಪೆಟ್ಟಿಗೆ ಮುಟ್ಟೋಕೂ ಬಿಡ್ಲಿಲ್ಲ."

ಭಾನುವಾರ ರಾಜಘಟ್ಟಕ್ಕೆ ಹೋದೆ. ಮೇಷ್ಟ್ರು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಎದುರಿಗೆ ಹಾರ್ಮೋನಿಯಂ. ಅದರ ಆಚೆ ಬದಿಯಲ್ಲಿ ಅವರ ಹೆಂಡತಿ ನಾಗಲಕ್ಷ್ಮಮ್ಮ ಕೂತು ತಿದಿ ಒತ್ತುತ್ತಿದ್ದರು. ಮೇಷ್ಟ್ರು ಎಡಗೈಯಲ್ಲಿ ಸ್ವರ ಹಿಡಿಯುತ್ತಿದ್ದರು. ಆಯಮ್ಮನಿಗೆ ಎಲ್ಲಿ ಗಾಳಿ ಹೆಚ್ಚು ಬೇಕು, ಎಲ್ಲಿ ಕಡಿಮೆ ಅಂತ ತಿಳಿಯುತ್ತಿರಲಿಲ್ಲ. ಸ್ವರ ನಡುವೆಯೇ ಸತ್ತುಹೋಗುತ್ತಿತ್ತು. ಮೇಷ್ಟ್ರು ಹಲ್ಲು ಕಚ್ಚುತ್ತಿದ್ದರು, ಆಯಮ್ಮ ಇನ್ನಷ್ಟು ಗಾಬರಿಯಿಂದ ಒತ್ತುತ್ತಿದ್ದರು. ನನ್ನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು.

"ಬಾಪ್ಪಾ. ಕಾಫಿ ಮಾಡ್ತೀನಿ. ನಿನಗೂ ಬೈತಾರೆ, ನನಗೂ ಬೈತಾರೆ. ಬೈಯ್ಯೋಕೆ ಬಾಯಿ ಬರ್ತಿಲ್ಲ ಅಂತಲೇ ಅವರಿಗೆ ಸಂಕಟ."

ನಾನು ಮೇಷ್ಟ್ರ ಎದುರು ನೆಲದ ಮೇಲೆ ಕೂತೆ. ತಪ್ಪಾಯಿತು ಅಂದೆ. ಅವರು ಹಾರ್ಮೋನಿಯಂನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. ಕೊನೆಗೆ ತಮ್ಮ ಎದೆ ಮುಟ್ಟಿ ತೋರಿಸಿದರು. "ತಿ... ದ್ದೋದು. ನಾನೇ."

"ನೀವೇ ತಿದ್ದಬೇಕಾ? ಕಂಪ್ಯೂಟರಲ್ಲಿ?"

ತಲೆಯಾಡಿಸಿದರು. ನನ್ನ ಕಡೆ ಬೆರಳು ತೋರಿಸಿ, ಬೇಡ ಎಂಬಂತೆ ಅಲ್ಲಾಡಿಸಿದರು. ಅವರ ಸ್ವರವನ್ನು ಇನ್ನೊಬ್ಬರು ಮುಟ್ಟಕೂಡದು. ಅಷ್ಟೇ ಷರತ್ತು.

ಷರತ್ತು ಸಣ್ಣದಲ್ಲ. ಆ ಸಾಫ್ಟ್‌ವೇರ್ ಎರಡು ಕೈ ನೆಟ್ಟಗಿರುವ, ಇಂಗ್ಲಿಷ್ ಬಲ್ಲ, ಮೌಸ್ ಹಿಡಿದು ಪಳಗಿದವನಿಗೆ ಅಂತ ಮಾಡಿದ್ದು. ಒಂದು ಸ್ವರವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಬೇಕಾದರೆ ನಾನೇ ಮೆನು ತೆರೆದು, ಅಳತೆ ಬದಲಿಸಿ, ಚಿತ್ರ ದೊಡ್ಡದು ಮಾಡಿ, ಮೌಸಿನಿಂದ ಎಳೆದು, ಮತ್ತೆ ಮೊದಲಿನಿಂದ ಕೇಳಬೇಕಿತ್ತು. ಮೇಷ್ಟ್ರಿಗೆ ಎಡಗೈಯಲ್ಲಿ ಮೌಸ್ ಕೊಟ್ಟು ನೋಡಿದೆವು. ಕೈ ನಡುಗುತ್ತಿತ್ತು. ಬಾಣದ ಗುರುತು ಪರದೆಯ ತುಂಬ ಓಡಾಡಿತು. ಹತ್ತು ನಿಮಿಷಕ್ಕೆ ಅವರು ಮೌಸನ್ನು ಆಚೆ ತಳ್ಳಿದರು.

ದಾರಿ ತೋರಿಸಿದ್ದು ಅನಿತ. "ಇದರಲ್ಲಿ ಯಾವ ಕೀಗೆ ಯಾವ ಕೆಲಸ ಅಂತ ನಾವೇ ಕೊಡಬೌದಾ?" ಎಂದು ಕೇಳಿದಳು. "ಪ್ರೆಸ್ಸಲ್ಲಿ ನಾನು ಹಂಗೇ ಮಾಡ್ಕೊಂಡಿದೀನಿ. 'ನಮ್ಮ ಜ್ಯೇಷ್ಠ ಪುತ್ರ' ಅಂತ ದಿನಕ್ಕೆ ಮೂವತ್ತು ಸಲ ಯಾರು ಟೈಪ್ ಮಾಡ್ತಾರೆ? ಒಂದೇ ಕೀ ಒತ್ತಿದ್ರೆ ಪೂರ್ತಿ ಸಾಲು ಬರುತ್ತೆ."

ನನ್ನ ಬಳಿ ಕೈಪಿಡಿಯ ಮಾಸಿದ ಜೆರಾಕ್ಸ್ ಇತ್ತು. ನಾನು ಅದರ ಮೊದಲ ಮೂವತ್ತು ಪುಟ ದಾಟಿರಲಿಲ್ಲ. ಅನಿತ ಅದನ್ನು ಮನೆಗೆ ಒಯ್ದು ಡಿಕ್ಷನರಿ ಇಟ್ಟುಕೊಂಡು ಓದಿದಳು. ಕೀಗಳನ್ನು ಬದಲಿಸುವ ವಿಧಾನ ಇತ್ತು. ಹಲವು ಆಜ್ಞೆಗಳನ್ನು ಪೋಣಿಸಿ ಒಂದೇ ಕೀಗೆ ಕಟ್ಟುವ ವಿಧಾನವೂ ಇತ್ತು.

ಮೂರು ವಾರ ಕೆಲಸ ಮಾಡಿದೆವು. ಕಂಪ್ಯೂಟರ್ ಕೀಬೋರ್ಡಿನ ಬಲತುದಿಯಲ್ಲಿ ಅಂಕಿಗಳ ಸಣ್ಣ ಗುಂಪು ಇರುತ್ತದಲ್ಲ, ಅಷ್ಟನ್ನೇ ಮೇಷ್ಟ್ರಿಗೆ ಅಂತ ಇಟ್ಟುಕೊಂಡೆವು. ಕೀಬೋರ್ಡನ್ನು ಎಡಕ್ಕೆ ಸರಿಸಿ ಆ ಗುಂಪು ಅವರ ಎಡಗೈಯ ಕೆಳಗೆ ಬರುವಂತೆ ಮಾಡಿದೆವು. ಮಿಕ್ಕ ಕೀಗಳು ತಪ್ಪಿ ಒತ್ತಿಹೋಗದಂತೆ ಅಣ್ಣನ ಸೀರೆ ಡಬ್ಬಿಯ ರಟ್ಟು ಕತ್ತರಿಸಿ ಮುಚ್ಚಿದೆವು. ನಾಲ್ಕು ಒತ್ತಿದರೆ ಹಿಂದಿನ ಸ್ವರ, ಆರು ಒತ್ತಿದರೆ ಮುಂದಿನದು. ಎಂಟು, ಎರಡು ಒತ್ತಿದರೆ ಸ್ವರ ಏರುವುದು, ಇಳಿಯುವುದು. ಏಳು ಒತ್ತಿದರೆ ಸ್ವರ ಒಂದು ಚೂರು ಮುಂಚೆ ಬರುತ್ತದೆ, ಒಂಬತ್ತಕ್ಕೆ ಒಂದು ಚೂರು ತಡವಾಗಿ. ಕೂಡುವ ಗುರುತಿಗೆ ಉದ್ದ, ಕಳೆಯುವ ಗುರುತಿಗೆ ಮೊಟಕು. ದೊಡ್ಡ ಎಂಟರ್ ಒತ್ತಿದರೆ ಎರಡು ಸ್ವರ ಹಿಂದಿನಿಂದ ನುಡಿಯುತ್ತದೆ. ಸೊನ್ನೆ ಒತ್ತಿದರೆ ಮಾಡಿದ್ದು ಮಾಡದಂತೆ. ಆ 'ಒಂದು ಚೂರು' ಎಷ್ಟಿರಬೇಕು ಅಂತ ಮೇಷ್ಟ್ರನ್ನೇ ಕೂರಿಸಿಕೊಂಡು ಗೊತ್ತುಮಾಡಿದೆವು. ನಾನು ಇಟ್ಟದ್ದು ಅವರಿಗೆ ದಪ್ಪವಾಯಿತು. ಕಾಲುಭಾಗಕ್ಕೆ ಇಳಿಸಿದಮೇಲೆ ತಲೆಯಾಡಿಸಿದರು. ಅಷ್ಟು ಸಣ್ಣ ವ್ಯತ್ಯಾಸ ನನ್ನ ಕಿವಿಗೆ ತಿಳಿಯುತ್ತಲೇ ಇರಲಿಲ್ಲ.

ಪರದೆಯ ಅಂಚಿನಲ್ಲಿ ಸ್ವರಗಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿದ್ದವು. ಅವನ್ನು ಸ, ರಿ, ಗ ಮಾಡಬೇಕೆಂದು ಅನಿತಳ ಹಟ. ಪ್ರೆಸ್ಸಿನ ಕನ್ನಡ ಅಕ್ಷರಗಳನ್ನು ತಂದು ಒಳಗೆ ಹಾಕಿದಳು. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮೇಲೆಯೇ ವೇಷ ಹಾಕಿ ಕೂರುತ್ತಿದ್ದಂಥವು. ಸ್ವರಗಳ ಹೆಸರೇನೋ ಚೆನ್ನಾಗಿ ಬಂದವು, ಅದರ ಜೊತೆಗೆ ಸಾಫ್ಟ್‌ವೇರಿನ ಎಲ್ಲ ಮೆನುಗಳೂ ಅರ್ಥವಿಲ್ಲದ ಕನ್ನಡ ಒತ್ತಕ್ಷರಗಳಾಗಿಹೋದವು. ಎಲ್ಲಿ ಏನಿದೆ ಅಂತ ನಾನು ಜಾಗ ನೋಡಿಯೇ ನೆನಪಿಟ್ಟುಕೊಳ್ಳಬೇಕಾಯಿತು. ಷಡ್ಜಕ್ಕೆ ಹಳದಿ ಬಣ್ಣ, ಪಂಚಮಕ್ಕೆ ಕೆಂಪು ಕೊಟ್ಟೆವು. ಕ್ವಾಂಟೈಜ್ ಆಜ್ಞೆಯನ್ನು ಎಲ್ಲ ಕೀಗಳಿಂದಲೂ ಕಿತ್ತುಹಾಕಿದೆ. ಪ್ರತಿ ಸಲ ಸೇವ್ ಮಾಡಿದಾಗಲೂ ಹೊಸ ಸಂಖ್ಯೆ ಬಿದ್ದು, ಹಳೆಯದು ಹಾಗೇ ಉಳಿಯುವಂತೆ ಮಾಡಿದೆ. ಅದೊಂದು ಮಾತ್ರ ಯಾರೂ ಹೇಳದೆ ನಾನೇ ಮಾಡಿದ್ದು.

ಸೆಪ್ಟೆಂಬರ್ ಕೊನೆಯಿಂದ ಮೇಷ್ಟ್ರು ವಾರಕ್ಕೆ ಮೂರು ಮಧ್ಯಾಹ್ನ ಬರತೊಡಗಿದರು. ರಾಜಘಟ್ಟದಲ್ಲಿ ನಾಗಲಕ್ಷ್ಮಮ್ಮ ಬಸ್ಸು ಹತ್ತಿಸುತ್ತಿದ್ದರು, ಇಲ್ಲಿ ಅನಿತ ಇಳಿಸಿಕೊಳ್ಳುತ್ತಿದ್ದಳು. ಮೊದಲು ನಿಧಾನವಾಗಿ ನುಡಿಸುವುದು. ಆಮೇಲೆ ಒಂದೊಂದೇ ಸ್ವರದ ಮೇಲೆ ಹೋಗಿ ಏಳು, ಒಂಬತ್ತು, ಎಂಟರ್, ಏಳು, ಎಂಟರ್. ಒಂದು ಸಾಲಿಗೆ ಒಂದು ಮಧ್ಯಾಹ್ನ ಹಿಡಿದ ದಿನಗಳೂ ಉಂಟು. ಬೆರಳು ತಪ್ಪಿದ್ದನ್ನು ನಿರ್ದಯವಾಗಿ ತಿದ್ದುತ್ತಿದ್ದರು. ತಡೆಯಬೇಕಾದ ಕಡೆ ಬಂದಾಗ ಒಂಬತ್ತನ್ನು ಮತ್ತೆ ಮತ್ತೆ ಒತ್ತಿ ಜಾಗ ಬಿಡಿಸುತ್ತಿದ್ದರು. ಹಾಗೆ ಬಿಡಿಸುವಾಗ ಒಂದೊಂದು ಹೆಸರು ಹೇಳುತ್ತಿದ್ದರು. "ಪಿಳ್ಳಣ್ಣ." ಎಂಟರ್. ಇನ್ನೊಂದು ಮಟ್ಟಿಗೆ, "ಚಿನ್ನಸ್ವಾಮಿ." ಆ ಪಾತ್ರವನ್ನು ಯಾರು ಚೆನ್ನಾಗಿ ಮಾಡಿದ್ದರೋ ಅವರ ಉಸಿರಿನ ಅಳತೆಗೆ ಆ ಜಾಗ.

ಒಂದು ದಿನ ಮುಖಾರಿಯ ಮಟ್ಟು ನಡೆಯುತ್ತಿತ್ತು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ರಾಜನ ಪದ್ಯ. ಮೂರನೆಯ ಸಾಲಿನಲ್ಲಿ ಮೇಷ್ಟ್ರು ಸಿಕ್ಕಿಕೊಂಡರು. ಎಂಟು ಒತ್ತಿದರು, ಎರಡು ಒತ್ತಿದರು, ಕೇಳಿದರು, ಅಲ್ಲವೆಂದು ತಲೆಯಲ್ಲಾಡಿಸಿದರು. ಕಾಯಿಲೆ ಆ ಒಂದು ಸ್ವರವನ್ನು ಅಳಿಸಿಹಾಕಿತ್ತು. ಅರ್ಧ ಗಂಟೆ ಹಾಗೇ ಹೋಯಿತು. ಎಡಗೈ ಮುಷ್ಟಿಯಾಗಿ ಮೇಜಿನ ಮೇಲೆ ನಿಂತುಬಿಟ್ಟಿತು.

ಗೋಡೆಗೆ ಒರಗಿ ನಿಂತಿದ್ದ ಅನಿತ ಮೆಲ್ಲಗೆ ಅಂದಳು, "ಅಪ್ಪಾ, ಅಲ್ಲಿ ನೀನು ನಿಷಾದ ಮುಟ್ಟಿ ಧೈವತಕ್ಕೆ ಬರ್ತಿದ್ದೆ."

ಮೇಷ್ಟ್ರು ತಿರುಗಿದರು.

"ನಿಷಾದದಲ್ಲಿ ನಿಲ್ತಿರಲಿಲ್ಲ. ಸುಮ್ನೆ ಮುಟ್ಟಿ."

ಅವರು ತಿದ್ದಿದರು. ಎಂಟರ್ ಒತ್ತಿದರು. ಸಾಲು ತೊಡಕಿಲ್ಲದೆ ಕೆಳಗಿಳಿಯಿತು. ಅವರು ಇನ್ನೊಮ್ಮೆ ಕೇಳಿದರು. ಆಮೇಲೆ ಮಗಳನ್ನೇ ನೋಡುತ್ತ ಕೂತರು. ನಾನು ಹೊರಗೆ ಹೋಗಿಬಿಡಲೇ ಅಂತ ಯೋಚಿಸುವಷ್ಟು ಹೊತ್ತು.

"ಯಾ... ವಾಗ ಕೇಳ್ದೆ?"

"ಯಾವಾಗ್ಲೂ," ಎಂದಳು ಅನಿತ.

ಮೇಷ್ಟ್ರು ಎಡಗೈ ಊರಿ ಎದ್ದು, ಸಂಗೀತದ ಕೀಬೋರ್ಡಿನ ಮುಂದಿದ್ದ ಕುರ್ಚಿಯನ್ನು ಬಿಟ್ಟು ಪಕ್ಕದ ಸ್ಟೂಲಿಗೆ ಸರಿದರು. ಖಾಲಿ ಕುರ್ಚಿಯನ್ನು ತೋರಿಸಿದರು. ಅವಳು ಕೂತಳು. ಏನು ಮಾಡಬೇಕೆಂದು ತಿಳಿಯದೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವರು ಅವಳ ಬಲಗೈ ಹಿಡಿದು ಷಡ್ಜದ ಮೇಲಿಟ್ಟರು. ಅವಳು ಆ ಸಾಲನ್ನು ನುಡಿಸಿದಳು. ಬೆರಳು ಒರಟು, ಆದರೆ ಸ್ವರ ಎಲ್ಲವೂ ಅಲ್ಲಿದ್ದವು.

ನಾನು ಏನೋ ದೊಡ್ಡ ಮಾತು ಬರುತ್ತದೆಂದು ಕಾದೆ. ಮೇಷ್ಟ್ರು ಅವಳ ಮಣಿಕಟ್ಟಿಗೆ ಫಟ್ಟನೆ ಹೊಡೆದರು. "ಎ... ತ್ತಬೇಡ ಬೆರಳು. ಇನ್ನೊಂದ್ಸಲ."

ಅನಿತ ಇನ್ನೊಮ್ಮೆ ನುಡಿಸಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. ಅಂದಿನಿಂದ ಪ್ರತಿ ಮಧ್ಯಾಹ್ನದ ಕೊನೆಯ ಅರ್ಧ ಗಂಟೆ ಅವಳ ಪಾಠ. ಅವರು ಅವಳನ್ನು ಎಂದೂ ಹೊಗಳಲಿಲ್ಲ. ಕ್ಷಮೆಯ ಮಾತೂ ಬರಲಿಲ್ಲ. ಉಳಿದ ಶಿಷ್ಯರಿಗೆ ಬೈದ ಹಾಗೇ ಅವಳಿಗೂ ಬೈದರು.

ಫೆಬ್ರವರಿ ಎರಡನೆಯ ವಾರದ ಹೊತ್ತಿಗೆ ನಲವತ್ತೊಂದು ಮಟ್ಟು ಮುಗಿದಿದ್ದವು. ನಾನು ಮೊದಲು ಹಾಳು ಮಾಡಿದ ಐದರಲ್ಲಿ ನಾಲ್ಕನ್ನು ಮೇಷ್ಟ್ರು ಮತ್ತೆ ನುಡಿಸಿ ತಿದ್ದಿದ್ದರು. ಐದನೆಯದು ಕಾಂಬೋಧಿಯ ಉದ್ದದ ಮಟ್ಟು. ಅದನ್ನು ನೆನಪಿಸಿದಾಗಲೆಲ್ಲ "ಆಮೇಲೆ" ಎನ್ನುತ್ತಿದ್ದರು. ಬುಧವಾರ ಬಸ್ಸಿನಿಂದ ಅವರು ಇಳಿಯಲಿಲ್ಲ. ಅನಿತ ಪ್ರೆಸ್ಸಿನ ಫೋನಿನಿಂದ ಊರಿನ ಅಂಗಡಿಗೆ ಮಾಡಿ ವಿಚಾರಿಸುವಷ್ಟರಲ್ಲಿ ಸುದ್ದಿ ಬಂತು. ಬೆಳಿಗ್ಗೆ ಹಟ್ಟಿಯ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದ್ದರು. ಎರಡು ದಿನ ಆಸ್ಪತ್ರೆಯಲ್ಲಿದ್ದರು. ಶುಕ್ರವಾರ ತೀರಿಕೊಂಡರು.

ಮಣ್ಣಿಗೆ ಹೋಗಿದ್ದೆ. ನಲವತ್ತು ವರ್ಷದ ಶಿಷ್ಯರು ಬಂದಿದ್ದರು. ಮುದುಕರಾದ ರಾಜರು, ಮಂತ್ರಿಗಳು. ಯಾರೂ ಹಾಡಲಿಲ್ಲ. ನಾನು ಆ ಕಾಂಬೋಧಿಯನ್ನೇ ಯೋಚಿಸುತ್ತಿದ್ದೆ. ಅದರ ಸ್ವರಗಳು ನನ್ನ ಕಂಪ್ಯೂಟರಿನಲ್ಲಿದ್ದವು, ನಾನು ನಿಲ್ಲಿಸಿದ ಸಾಲಿನಲ್ಲಿ, ನೆಟ್ಟಗೆ. ಎಲ್ಲಿ ತಡೆಯಬೇಕಿತ್ತು ಅನ್ನುವುದು ಅವರ ಜೊತೆ ಹೋಗಿತ್ತು.

ಕಾರ್ಯಗಳೆಲ್ಲ ಮುಗಿದು ಒಂದು ವಾರಕ್ಕೆ ಬೂದಿಗೆರೆಯ ಪಿಳ್ಳಣ್ಣ ನನ್ನ ಕೋಣೆಗೆ ಬಂದರು. ಅರವತ್ತರ ಹತ್ತಿರದ ರೈತ, ಮೇಷ್ಟ್ರ ಬಾಯಲ್ಲಿ ಹೆಸರು ಬಂದಿತ್ತಲ್ಲ, ಅವರೇ. ಅವರ ತಂಡದ ನಾಟಕ ಏಪ್ರಿಲ್‌ನಲ್ಲಿ ಅಂತ ಗೊತ್ತಾಗಿತ್ತು. ಮೇಷ್ಟ್ರ ಕೈಯಲ್ಲೇ ಕಲಿತ ನಾಟಕ, ಬೇರೆ ಮೇಷ್ಟ್ರು ಬಂದರೆ ಬೇರೆ ಮಟ್ಟು. ಈ ವಯಸ್ಸಿನಲ್ಲಿ ಹೊಸದು ಬಾಯಿಗೆ ಬರುವುದಿಲ್ಲ.

"ಈ ಕಂಪ್ಯೂಟ್ರು ಪೆಟ್ಟಿಗೇಲಿ ಮೇಷ್ಟ್ರು ನುಡಿಸಿರೋದು ಐತಂತಲ್ಲಾ," ಎಂದರು. "ಅದನ್ನೇ ಹಾಕ್ಬುಡಿ. ನಾವು ಅದಕ್ಕೆ ತಕ್ಕಂಗೆ ಹಾಡ್ಕೊತೀವಿ."

ಅನಿತಳೂ ಇದ್ದಳು. ನಾನು ಅವಳ ಮುಖ ನೋಡಿದೆ. ಅವಳು ಮುಖಾರಿಯ ಮಟ್ಟನ್ನು ತೆರೆದು ಎಂಟರ್ ಒತ್ತಿದಳು. ಆ ರಾಜನ ಪಾತ್ರ ಪಿಳ್ಳಣ್ಣನದೇ.

ಪಿಳ್ಳಣ್ಣ ಚಪ್ಪಲಿ ಬಿಟ್ಟು, ಟವೆಲ್ಲು ಸೊಂಟಕ್ಕೆ ಸುತ್ತಿ, ಕಣ್ಣು ಮುಚ್ಚಿ ಹಾಡಿದರು. ಮೊದಲ ಸಾಲು ದನಿಯೂ ಸ್ವರವೂ ಒಂದಾಗಿ ಹೋಯಿತು. ಎರಡನೆಯ ಸಾಲಿನಲ್ಲಿ ಅವರ ಉಸಿರು ಮುಂಚೆಯೇ ಮುಗಿಯಿತು. ಮೇಷ್ಟ್ರು ಜಾಗ ಬಿಟ್ಟದ್ದು ಹದಿನೈದು ವರ್ಷದ ಹಿಂದಿನ ಪಿಳ್ಳಣ್ಣನ ಎದೆಗೆ. ಸ್ವರ ಮುಂದೆ ಹೋಯಿತು, ಇವರು ಹಿಂದೆ ಉಳಿದರು. ಓಡಿ ಹಿಡಿಯಲು ನೋಡಿದರು, ಆಗಲಿಲ್ಲ. ನಿಂತುಬಿಟ್ಟರು. ಕಂಪ್ಯೂಟರ್ ತನ್ನ ಪಾಡಿಗೆ ಪದ್ಯವನ್ನು ಕೊನೆಯವರೆಗೂ ನುಡಿಸಿತು.

"ಮೇಷ್ಟ್ರು ಕಾಯ್ತಿದ್ರು," ಎಂದರು ಪಿಳ್ಳಣ್ಣ. ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. "ಇದು ಕಾಯಲ್ಲ ಕಣವ್ವಾ."

ಅನಿತ ಸಂಗೀತದ ಕೀಬೋರ್ಡಿನ ಮುಂದೆ ಹೋಗಿ ಕೂತಳು. "ಇನ್ನೊಂದ್ಸಲ ಎತ್ತಿಕೊಳ್ಳಿ ಅಣ್ಣಾ. ನಾನು ಕಾಯ್ತೀನಿ."

ಅವಳ ಕೈ ಮೇಷ್ಟ್ರ ಕೈಯಲ್ಲ. ಎರಡು ಕಡೆ ತಪ್ಪಿದಳು. ಆದರೆ ಎರಡನೆಯ ಸಾಲಿನಲ್ಲಿ ಪಿಳ್ಳಣ್ಣನ ಉಸಿರು ಮುಗಿದಾಗ ಅವಳ ಬೆರಳು ಸ್ವರದ ಮೇಲೆ ಹಾಗೇ ನಿಂತಿತು. ಅವರು ಉಸಿರೆಳೆದುಕೊಂಡಮೇಲೆ ಮುಂದಕ್ಕೆ ಹೋಯಿತು.

ತಂಡದಲ್ಲಿ ಗೊಣಗಾಟ ಇಲ್ಲದೆ ಇರಲಿಲ್ಲ. ಹೆಂಗಸು ಪೆಟ್ಟಿಗೆ ಹಿಡಿದು ಗಂಡಸರಿಗೆ ಪಾಠ ಹೇಳುವುದೇ ಅಂದರು ಇಬ್ಬರು. ಒಬ್ಬ ಬಿಟ್ಟೂ ಹೋದ. ಅನಿತ ಹಗಲು ಮಾತ್ರ ಬರುತ್ತೇನೆ, ಭಾನುವಾರ ಮಾತ್ರ, ಅಂದಳು. ನಾಗಲಕ್ಷ್ಮಮ್ಮ ಮೊದಲ ಭಾನುವಾರ ಜೊತೆಗೆ ಹೋಗಿ ಬೂದಿಗೆರೆಯ ಶಾಲೆಯ ಜಗಲಿಯಲ್ಲಿ ಸಂಜೆಯವರೆಗೆ ಕೂತಿದ್ದರು. ಎರಡನೆಯ ಭಾನುವಾರ ಅವಳನ್ನು ಒಬ್ಬಳೇ ಕಳಿಸಿದರು. ಏಪ್ರಿಲ್‌ನಲ್ಲಿ ನಾಟಕ ನಡೆಯಿತು. ಬಹಳ ಚೆನ್ನಾಗಿ ಆಯಿತು ಅನ್ನಲಾರೆ. ಒಬ್ಬ ಮಂತ್ರಿ ಪದ್ಯ ಮರೆತ, ಅನಿತ ಒಂದು ಕಡೆ ಸ್ವರ ತಪ್ಪಿದಳು. ಆದರೆ ಪಿಳ್ಳಣ್ಣನ ಮುಖಾರಿಗೆ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಮುಂದಿನ ವರ್ಷ ಸೋಂಪುರದ ಫ್ಯಾಕ್ಟರಿಯ ಕೆಲಸಗಾರರು ಅವಳನ್ನೇ ಕರೆದರು.

ಉಳಿದ ಹನ್ನೆರಡು ಮಟ್ಟುಗಳಲ್ಲಿ ಎಂಟು ಅನಿತಳಿಗೆ ನೆನಪಿದ್ದವು. ಅವನ್ನು ಅವಳೇ ನುಡಿಸಿ, 'ಅಪ್ಪ ಹೇಳಿದ್ದಲ್ಲ, ನಾನು ಕೇಳಿದ್ದು' ಎಂದು ಪ್ರತಿಯೊಂದರ ಹೆಸರಿನ ಮುಂದೆ ಸೇರಿಸಿ ಬೇರೆಯಾಗಿ ಇಟ್ಟಳು. ಕಾಂಬೋಧಿಯನ್ನೂ ಸೇರಿಸಿ ನಾಲ್ಕು ಉಳಿದವು. ಆ ಕಾಂಬೋಧಿಯನ್ನು ನೀನೇ ಅಂದಾಜಿನಲ್ಲಿ ತಿದ್ದಿಬಿಡು, ಯಾರಿಗೆ ಗೊತ್ತಾಗುತ್ತೆ ಅಂತ ನಾನೊಮ್ಮೆ ಅಂದೆ. ನನ್ನ ತಪ್ಪಿನ ಭಾರ ಇಳಿಸಿಕೊಳ್ಳಲು ಅಂದದ್ದು. ಅವಳು ಒಪ್ಪಲಿಲ್ಲ. "ಬೇಡ ಕೆಂಪರಾಜಣ್ಣ. ಇಲ್ದೆ ಇರೋದು ಇಲ್ಲ ಅಂತಲೇ ಇರಲಿ." ಅವಳಿಗೆ ನನ್ನ ಮೇಲೆ ಕೋಪ ಉಳಿದಿರಲಿಲ್ಲ. ಆ ಮಾತಿನಿಂದ ನನಗೆ ಸಮಾಧಾನವೂ ಆಗಲಿಲ್ಲ.

೧೯೯೯ರ ಬೇಸಿಗೆಯಲ್ಲಿ ಹೊಸಕೋಟೆಯ ಕಡೆಯಿಂದ ಒಬ್ಬ ವಯಸ್ಸಾದವರು ವಿಳಾಸ ವಿಚಾರಿಸಿಕೊಂಡು ಬಂದರು. ಹೆಸರು ವೆಂಕಟರಾಯಪ್ಪ. ಹನುಮಂತರಾಯಪ್ಪ ಮೇಷ್ಟ್ರ ಮಟ್ಟೊಂದು ತಮಗೆ ಬರುತ್ತದೆ, ಕಣ್ಣು ಮುಚ್ಚುವ ಮುಂಚೆ ಕೊಟ್ಟು ಹೋಗುತ್ತೇನೆ ಅಂದರು. ಅನಿತ ಪ್ರೆಸ್ಸಿನಿಂದ ಓಡಿ ಬಂದಳು. ಅವರಿಗೆ ನೀರು ಕೊಟ್ಟು, ಕುರ್ಚಿ ಹಾಕಿ, ಎದುರು ಕೂತಳು. ಅವರು ಹಾಡಿದರು. ದನಿ ಒಡೆದಿತ್ತು, ಹಲ್ಲಿಲ್ಲದ ಬಾಯಲ್ಲಿ ಅಕ್ಷರ ಜಾರುತ್ತಿದ್ದವು. ಅನಿತ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.

ಅದು ಮೇಷ್ಟ್ರದಲ್ಲ ಅಂತ ನನಗೂ ತಿಳಿಯಿತು. ಏರಿಕೆಯೇ ಬೇರೆ, ನಡೆಯೇ ಬೇರೆ. ಯಾವ ಊರಿನ ಯಾವ ಮೇಷ್ಟ್ರದೋ, ಈ ಮನುಷ್ಯನ ನೆನಪಿನಲ್ಲಿ ಹೆಸರು ಅದಲುಬದಲಾಗಿತ್ತು.

"ಐತಾ ಇದು ನಿಮ್ಮತ್ರ?" ಎಂದು ಅವರು ಆಸೆಯಿಂದ ಕೇಳಿದರು.

"ಇಲ್ಲ ಅಣ್ಣಾ, ಇರಲಿಲ್ಲ," ಎಂದಳು ಅನಿತ. ಕಂಪ್ಯೂಟರಿನಲ್ಲಿ ಹೊಸ ಹಾಳೆ ತೆರೆದು, ವೆಂಕಟರಾಯಪ್ಪ ಎಂದು ಹೆಸರು ಹಾಕಿದಳು. ಬೆರಳುಗಳನ್ನು ಕೀಬೋರ್ಡಿನ ಮೇಲಿಟ್ಟಳು. "ಇನ್ನೊಂದ್ಸಲ ಹಾಡಿ. ನಿಧಾನಕ್ಕೆ ಹಾಡಿ, ಆತುರ ಏನಿಲ್ಲ."